ಸರ್ಕಾರಕ್ಕೆ ಬಿಟ್ಟ ಮೂಲೆ

ಆಲಿಕಲ್ಲು ಮಳೆ ಸುರಿದು ಹೋದ ಮಾರನೆಯ ಬೆಳಿಗ್ಗೆ ಬೈರಗುಟ್ಟದ ಗಂಡಸರೆಲ್ಲ ತಮ್ಮ ತಮ್ಮ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ತಲೆಗೆ ಕೈ ಹೊತ್ತುಕೊಂಡಿದ್ದರು. ಆದಿಲಕ್ಷ್ಮಮ್ಮ ಒಬ್ಬಳೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೊಲ ಚೊಕ್ಕಟ ಮಾಡಲು ಇಳಿದಳು. ಅವಳು ಕೆಟ್ಟದ್ದು ಅಲ್ಲಿಂದಲೇ.

ಟೊಮೆಟೊ ಆಗಷ್ಟೇ ಬಣ್ಣ ತಿರುಗಿತ್ತು. ಮಳೆ ಇನ್ನೊಂದೆರಡು ದಿನ ತಡೆದಿದ್ದರೆ ಮೊದಲ ಕೊಯ್ಲು ಕೋಲಾರದ ಮಂಡಿ ಸೇರುತ್ತಿತ್ತು. ಈಗ ಗಿಡಗಳು ಆಸರೆಯ ಕಡ್ಡಿಗಳ ಸಮೇತ ಮಲಗಿದ್ದವು. ಯಾರೋ ಒಂದೊಂದೇ ಹಣ್ಣನ್ನು ಬೆರಳಿನಿಂದ ಚುಚ್ಚಿ ನೋಡಿ, ಬೇಡವೆಂದು ಬಿಸಾಡಿ ಹೋದ ಹಾಗೆ ಹೊಲದ ತುಂಬ ತೂತು ಬಿದ್ದ ಹಣ್ಣು.

ಆದಿಲಕ್ಷ್ಮಮ್ಮ ಅಳಲಿಲ್ಲ. ಸತ್ತವರನ್ನು ಹೊತ್ತು ಮೀರಿ ಮನೆಯಲ್ಲಿ ಮಲಗಿಸಬಾರದು, ಎತ್ತಿ ಕಳಿಸಿ ನೆಲ ಸಾರಿಸಬೇಕು ಎಂದು ಅವಳ ಅವ್ವ ಹೇಳುತ್ತಿದ್ದಳು. ಹೊಲಕ್ಕೆ ಬೇರೆ ಶಾಸ್ತ್ರ ಉಂಟೇ? ಗಿಡಗಳನ್ನು ಕಿತ್ತು ಹೊರೆ ಕಟ್ಟಿ ಊರಾಚೆಯ ತಿಪ್ಪೆಗುಂಡಿಗೆ ಹೊತ್ತಳು. ನೀಲಗಿರಿ ಕಡ್ಡಿಗಳನ್ನು ಎಳೆದು, ಕೆಸರು ತೊಳೆದು, ಉದ್ದದ್ದು ಬೇರೆ ಗಿಡ್ಡದ್ದು ಬೇರೆ ಮಾಡಿ ಕಟ್ಟು ಕಟ್ಟಿ ಒಟ್ಟಿದಳು. ದಾರದ ತುಂಡುಗಳನ್ನು ಕೂಡ ಹೆಕ್ಕಿ ಸುತ್ತಿಟ್ಟಳು. ಕಡೆಗೆ ನೆಲವನ್ನು ಗುದ್ದಲಿಯಿಂದ ಕೆರೆದು ಸಮ ಮಾಡಿದಳು. ಎರಡು ಮೂರು ದಿನಗಳಲ್ಲಿ ಆ ಕೆಂಪು ಹೊಲ ಹಬ್ಬದ ಹಿಂದಿನ ದಿನ ಸಾರಿಸಿದ ಅಂಗಳದಂತಾಯಿತು. ಇಂಥ ಜಾಗದಲ್ಲಿ ಅನಾಹುತ ನಡೆದಿತ್ತೆಂದು ದೇವರು ಬಂದು ಹೇಳಿದರೂ ಯಾರೂ ನಂಬುವ ಹಾಗಿರಲಿಲ್ಲ.

ಊರವರಿಗೆ ಇದು ಹೊಸದಲ್ಲ. ಆದಿಲಕ್ಷ್ಮಮ್ಮನ ಹೊಲದಲ್ಲಿ ಹಾವು ಹರಿದರೂ ಸಾಲು ಹಿಡಿದೇ ಹರಿಯಬೇಕು ಎಂದು ಅವರು ನಗುತ್ತಿದ್ದರು. ಅವಳ ಗಂಡ ಮುನಿರಾಜ್ ನಗುತ್ತಿರಲಿಲ್ಲ. ಊರಿಗಾಂನ ಚಿನ್ನದ ಗಣಿಯ ಕಾರ್ಮಿಕರ ಲೈನುಮನೆಗಳಲ್ಲಿ ಹುಟ್ಟಿ ಬೆಳೆದ ಅವನ ಅಪ್ಪ ಭೂಮಿಯ ಹೊಟ್ಟೆಯೊಳಗೆ ಇಳಿದು ದುಡಿದವನು. ಅಂಥ ಮನೆಯ ಮಗನಿಗೆ ಭೂಮಿಯ ಮೇಲಿನ ಸಿಪ್ಪೆಯ ಬಗ್ಗೆ ಹೇಳಿಕೊಳ್ಳುವಂಥ ಗೌರವ ಇರಲಿಲ್ಲ. ಗಣಿ ಮುಚ್ಚಿದ ಮೇಲೆ ಅವನು ಬಂಗಾರಪೇಟೆ, ಆಂಡರ್ಸನ್‌ಪೇಟೆ ಕಡೆಯ ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದ. ಹೊಲ ಅವನ ಅಜ್ಜಿಯ ಕಡೆಯಿಂದ ಬಂದದ್ದು. ಪಹಣಿಯಲ್ಲಿ ಅವನ ಹೆಸರಿತ್ತು. ನೆಲದ ಮೇಲೆ ಇವಳ ಬೆವರಿತ್ತು.

"ಮುಗೀತಾ ನಿನ್ನ ಬೇಸಾಯ?" ಎಂದು ಹೊಲ ಚೊಕ್ಕಟವಾದ ಸಂಜೆ ಕೇಳಿದ.

"ಇನ್ನೊಂದ್ ಬೆಳೆ ಇಡ್ತೀನಿ."

"ಯಾರ್ ದುಡ್ಡಾಗೆ? ನಾನಂತೂ ಬಿಡಿಗಾಸು ಬಿಚ್ಚಲ್ಲ. ಇಟ್ಟಿಗೆಗೂಡಿನ ಅಂಬರೀಶ ಕೇಳ್ತಾವ್ನೆ. ಮಣ್ಣು ಕೊಟ್ಬಿಡಣ. ಸೊಂಟದುದ್ದ ಎತ್ಕಂಡ್ ಓಗ್ತಾನೆ, ಅಷ್ಟೇ. ಒಲ ಎಲ್ಗೂ ಓಗಲ್ಲ, ಇಲ್ಲೇ ಇರ್ತದೆ."

"ಮಣ್ಣು ಓದ್ಮೇಲೆ ಒಲ ಅಂತ ಇನ್ನೇನ್ ಇರ್ತದೆ?"

"ಕೆಳಗಡೆ ಇನ್ನೂ ಮಣ್ಣಿರ್ತದೆ ಕಣಮೇ! ನಮ್ಮಪ್ಪ ಅಷ್ಟು ಆಳಕ್ಕೆ ಇಳ್ದು ನೋಡ್ಕಂಡು ಬಂದವ್ನೆ. ಮುಗಿಯೋ ವಸ್ತು ಅಲ್ಲ ಅದು."

ಆದಿಲಕ್ಷ್ಮಮ್ಮ ಸುಮ್ಮನಾದಳು. ಅವರಿಬ್ಬರ ಸಂಸಾರದಲ್ಲಿ ಮಾತಿಗಿಂತ ಸುಮ್ಮನಿರುವುದೇ ಹೆಚ್ಚು. ಸುಮ್ಮನಿರುವುದರಲ್ಲೂ ಒಪ್ಪಿದ್ದು ಯಾವುದು, ಒಪ್ಪದ್ದು ಯಾವುದು ಎಂದು ಇಬ್ಬರಿಗೂ ತಿಳಿಯುತ್ತಿತ್ತು. ಇದು ಒಪ್ಪದ್ದು. ಮುನಿರಾಜ್ ಟೀವಿ ಹಾಕಿದ. ಟೀವಿಯಲ್ಲಿ ಮಂತ್ರಿಗಳೊಬ್ಬರು, ಆಲಿಕಲ್ಲು ಬಿದ್ದ ಪ್ರತಿಯೊಬ್ಬ ರೈತನ ಕಣ್ಣೀರು ಒರೆಸಲಾಗುವುದು, ಸರ್ವೆಗೆ ಈಗಾಗಲೇ ಆದೇಶವಾಗಿದೆ ಎಂದರು.

"ಸರಿ," ಎಂದ ಮುನಿರಾಜ್. ಅವನು ಕೆಟ್ಟವನಲ್ಲ. "ಪರಿಹಾರ ಬಂದ್ರೆ ನಿಂದು ಬೆಳೆ. ಬರ್ಲಿಲ್ಲ ಅಂದ್ರೆ ಅಂಬರೀಶಂದು ಮಣ್ಣು. ಆಮೇಲೆ ಮುಖ ಊದಿಸ್ಕಬಾರ್ದು."

"ಮಾತಾ?"

"ಮಾತು ಅಂದ್ರೆ ಮಾತು."

ಆದಿಲಕ್ಷ್ಮಮ್ಮನಿಗೆ ಧೈರ್ಯ ಬಂತು. ಆಲಿಕಲ್ಲು ಬಿದ್ದದ್ದನ್ನು ಇಡೀ ಊರೇ ನೋಡಿದೆ. ಇನ್ನು ಅದನ್ನು ತೋರಿಸಿಕೊಡುವುದೇನಿದೆ?

ಸರ್ವೆಗೆ ಆದೇಶ ಆ ಕ್ಷಣವೇ ಹೊರಟಿತ್ತು ನಿಜ. ಆದರೆ ಮಾರಿಕುಪ್ಪಂ ಕಡೆಯ ರೈಲಿನಂತೆ ಎಲ್ಲ ಕಡೆ ನಿಂತು ನಿಂತು ಬೈರಗುಟ್ಟ ತಲುಪುವಷ್ಟರಲ್ಲಿ ಮೂರು ವಾರ ಹಿಡಿಯಿತು. ಬಂದವನು ಶ್ರೀಧರ್, ಊರಿಗೆ ಹೊಸದಾಗಿ ಬಂದಿದ್ದ ಗ್ರಾಮ ಆಡಳಿತಾಧಿಕಾರಿ. ಊರವರ ಬಾಯಲ್ಲಿ ವಿಎ ಸಾರ್. ಮೈಸೂರು ಕಡೆಯ ಹುಡುಗ. ಸ್ವಭಾವ ಮೃದು. ಎಲ್ಲರನ್ನೂ ಬಹುವಚನದಲ್ಲೇ ಮಾತಾಡಿಸುತ್ತಿದ್ದ, ಬದುವಿನ ಮೇಲಿದ್ದ ಎಮ್ಮೆಗೂ "ಸ್ವಲ್ಪ ಸರೀರಿ" ಎಂದನಂತೆ. ಅವನ ಕೈಯಲ್ಲೊಂದು ಮೊಬೈಲು, ಮೊಬೈಲಿನಲ್ಲೊಂದು ಆ್ಯಪು. ಆ್ಯಪಿಗೆ ಮೊದಲು ಹೊಲದ ಜಾಗ ತಿಳಿಯಬೇಕು, ಆಮೇಲೆ ರೈತನ ಮುಖ ಕಾಣಬೇಕು, ಕೊನೆಗೆ ಹಾನಿ ಕಾಣಬೇಕು. ಮೂರರಲ್ಲಿ ಒಂದು ತಪ್ಪಿದರೂ ಅದು ಮುಂದಕ್ಕೆ ಹೋಗುವುದಿಲ್ಲ.

ಅವನು ಮೊದಲು ನಿಂತದ್ದು ಬದುವಿನಾಚೆಯ ವೆಂಕಟೇಶಪ್ಪನ ಹೊಲದಲ್ಲಿ. ವೆಂಕಟೇಶಪ್ಪನದು ಬೇರೆಯೇ ಬೇಸಾಯ. ಸಸಿ ನೆಟ್ಟು ಬಂದವನು ಮತ್ತೆ ಹೊಲದ ಕಡೆ ತಲೆ ಹಾಕಿರಲಿಲ್ಲ. ಕಳೆ ಎದೆಯುದ್ದ ಬೆಳೆದು, ಅರ್ಧ ಗಿಡ ರೋಗಕ್ಕೆ ಹೋಗಿ, ಉಳಿದದ್ದು ಮೇಕೆಗಳಿಗೆ ಹೋಗಿತ್ತು. ಆಲಿಕಲ್ಲು ಬಿದ್ದದ್ದು ಆ ಹೊಲಕ್ಕೆ ಗೊತ್ತೇ ಆಗಿರಲಿಲ್ಲ. ಶ್ರೀಧರ್ ಅದನ್ನು ನೋಡಿ ಲೊಚಗುಟ್ಟಿದ.

"ಛೆ ಛೆ ಛೆ. ಪೂರ್ತಿ ಹೋಗಿದೆಯಲ್ಲ ಯಜಮಾನ್ರೇ!"

"ಏನ್ ಏಳ್ಲಿ ಸ್ವಾಮಿ," ಎಂದ ವೆಂಕಟೇಶಪ್ಪ, ಹೆಗಲ ಮೇಲಿನ ಟವೆಲ್ಲು ಕಣ್ಣಿಗೆ ಒತ್ತಿಕೊಂಡು. "ಮಕ್ಳಂಗೆ ಸಾಕಿದ್ದೆ."

ಮಕ್ಕಳ ವಿಷಯದಲ್ಲಿ ಅದು ಸುಳ್ಳಲ್ಲ. ಅವನ್ನೂ ಅವನು ಹಾಗೆಯೇ ಸಾಕಿದ್ದ. ಆ್ಯಪು ಒಂದೇ ಸಲಕ್ಕೆ ಒಪ್ಪಿತು. ನೂರಕ್ಕೆ ನೂರು ನಷ್ಟ.

ಆಮೇಲೆ ಶ್ರೀಧರ್ ಬದು ದಾಟಿದ. ಆದಿಲಕ್ಷ್ಮಮ್ಮ ಒಗೆದ ಸೀರೆ ಉಟ್ಟು, ತಂಬಿಗೆ ತುಂಬ ಮಜ್ಜಿಗೆ ಹಿಡಿದು ಕಾದಿದ್ದಳು. ಅಧಿಕಾರಿ ಬರುತ್ತಾರೆಂದು ಬೆಳಿಗ್ಗೆಯೇ ಇನ್ನೊಂದು ಸಲ ಹೊಲದಲ್ಲಿ ಓಡಾಡಿ, ಗಾಳಿಗೆ ಬಂದು ಬಿದ್ದ ಎರಡು ಪ್ಲಾಸ್ಟಿಕ್ ಚೀಲವನ್ನೂ ಎತ್ತಿಹಾಕಿದ್ದಳು.

"ಬೆಳೆ ಎಲ್ಲಮ್ಮ?"

"ಓಯ್ತಲ್ಲ ಸಾರ್."

"ಅದೇ, ಹೋದ ಬೆಳೆ ಎಲ್ಲಿ?"

"ಓದ್ಮೇಲೆ ಎಲ್ಲಿರ್ತದೆ? ತೆಗ್ದು ಗುಂಡಿಗಾಕ್ದೆ. ಕೊಳೀತಾ ಬಿದ್ದಿದ್ರೆ ಉಳ ಆಗ್ತದಲ್ವಾ? ಬನ್ನಿ, ಗುಂಡಿ ತೋರಿಸ್ತೀನಿ."

"ಗುಂಡಿ ನಿಮ್ಮ ಸರ್ವೆ ನಂಬರಿನಲ್ಲಿ ಬರಲ್ಲಮ್ಮ." ಅವನು ಮೊಬೈಲನ್ನು ಆ ಕಡೆ ಈ ಕಡೆ ತಿರುಗಿಸಿದ. ಪರದೆಯ ತುಂಬ ಸಮವಾದ ಕೆಂಪು ನೆಲ, ಅದರಾಚೆ ಕೆಜಿಎಫ್‌ ಗಣಿಯ ಕಸ ಸುರಿದು ಎದ್ದ ಸೈನೈಡ್ ದಿಬ್ಬ, ಮೇಲೆ ಆಕಾಶ. "ಇದರಲ್ಲಿ ಹಾನಿ ಎಲ್ಲಿ ಕಾಣ್ತಿದೆ, ನೀವೇ ಹೇಳಿ. ನೂರಕ್ಕೆ ಮೂವತ್ತಮೂರಾದರೂ ಕಾಣಬೇಕು."

"ಇಲ್ಲಿ ಒಂದೂ ಇಲ್ಲ ಸಾರ್. ಎಲ್ಲಾ ಓಗದೆ. ಅದ್ಕೇ ಕಾಣ್ತಿಲ್ಲ."

ಶ್ರೀಧರ್ ಅವಳ ಮುಖ ನೋಡಿದ. ಅವಳು ಹೇಳಿದ್ದರಲ್ಲಿ ತಪ್ಪೇನೂ ಅವನಿಗೆ ಸಿಗಲಿಲ್ಲ. ಆದರೆ ಆ್ಯಪಿಗೆ ತರ್ಕ ಬರುತ್ತಿರಲಿಲ್ಲ. ಮಜ್ಜಿಗೆ ಕುಡಿದು, ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಂದಿರುಗಿಸಿ, ದನಿ ತಗ್ಗಿಸಿದ.

"ಇನ್ನೊಂದು ಸಲ ಈ ಕಡೆ ಬರ್ತೀನಿ ಅಮ್ಮ. ಅಷ್ಟರಲ್ಲಿ... ಮಳೆ ಬಂದ ದಿನ ಹೇಗಿತ್ತೋ ಹಾಗೆ ಇದ್ದರೆ ಒಳ್ಳೆಯದು. ನಾನು ಹೇಳಿದೆ ಅಂತ ಅನ್ನಬೇಡಿ."

ಹೀಗೆ ಆದಿಲಕ್ಷ್ಮಮ್ಮ ತನ್ನ ಹೊಲವನ್ನು ತನ್ನ ಕೈಯಾರೆ ಹಾಳು ಮಾಡಲು ಕೂತಳು. ವೆಂಕಟೇಶಪ್ಪ ಬದುವಿನ ಮೇಲೆ ಬೀಡಿ ಹಚ್ಚಿ ಗುರುವಾದ. ಈ ವಿದ್ಯೆಯಲ್ಲಿ ಅವನಿಗೆ ಸಮನಾದವರು ಸೀಮೆಯಲ್ಲಿ ಯಾರೂ ಇರಲಿಲ್ಲ.

"ಗುಂಡಿಯಿಂದ ಗಿಡ ತಂದ್ಯೇನಮ್ಮ? ಸುರಿ. ಅಂಗಲ್ಲ! ಮಡಿಸಿಡೋಕೆ ಅದೇನ್ ಸೀರೆನಾ? ಎಸಿ ಅತ್ಲಾಗೆ."

ಅವಳು ಎಸೆದಳು. ಎಸೆದ ಗಿಡದ ಬೇರು ಒಂದು ಕಡೆಗೆ, ತುದಿ ಒಂದು ಕಡೆಗೆ ಬಿತ್ತು. ಮುಂದಿನ ಗಿಡವೂ ಹಾಗೇ.

"ಕಡ್ಡಿ ನೆಡು. ಆಮೇಲೆ ಬೀಳಿಸು. ಕುಡ್ದೋನು ನಡ್ದಂಗಿರ್ಬೇಕು ಸಾಲು."

"ಕುಡ್ದೋನ್ ಯಂಗೆ ನಡೀತಾನೆ ಅಣ್ಣ?"

"ನಿನ್ ಗಂಡನ್ ನೋಡಿಲ್ವಾ?"

"ಆತ ಕುಡಿದ್ರೆ ಮಲ್ಗಿಬಿಡ್ತಾನೆ."

"ಸರಿಪೋಯಿಂದಿ!" ಎಂದು ವೆಂಕಟೇಶಪ್ಪ ತೆಲುಗಿಗೆ ಹೊರಳಿದ. ಬೇಸರವಾದಾಗ ಅವನು ಹೊರಳುತ್ತಿದ್ದದ್ದು ಅಲ್ಲಿಗೇ. ಬೀಡಿ ಮುಗಿದ ಮೇಲೆ ಎದ್ದು ಹೋದ.

ಆದಿಲಕ್ಷ್ಮಮ್ಮ ಹೊತ್ತು ಮುಳುಗುವವರೆಗೆ ಕೆಲಸ ಮಾಡಿದಳು. ಅವಳ ಜೀವಮಾನದಲ್ಲಿ ಇಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ. ಕಡ್ಡಿಯನ್ನು ಓರೆ ಮಾಡಬೇಕೆಂದು ಮನಸ್ಸು ಹೇಳುತ್ತಿತ್ತು. ಕೈ ಅದನ್ನು ಪಕ್ಕದ ಕಡ್ಡಿಯಷ್ಟೇ ಓರೆ ಮಾಡುತ್ತಿತ್ತು. ಕಣ್ಣು ಮುಚ್ಚಿಕೊಂಡು ನೆಟ್ಟು ನೋಡಿದಳು. ಬೆನ್ನು ತಿರುಗಿಸಿ ಎಸೆದು ನೋಡಿದಳು. ಏನು ಮಾಡಿದರೂ ಕಡೆಗೆ ಎದ್ದು ನಿಂತು ನೋಡಿದಾಗ ಅಲ್ಲೊಂದು ಅಚ್ಚುಕಟ್ಟು ಬಂದುಬಿಟ್ಟಿರುತ್ತಿತ್ತು. ಒಂದೆರಡು ಕಡೆ ಕೈ ತಡೆಯದೆ, ಬಿದ್ದ ಕಡ್ಡಿಗಳಿಗೆ ದಾರವನ್ನೂ ಕಟ್ಟಿದ್ದಳು.

ಶ್ರೀಧರ್ ಮತ್ತೆ ಬಂದ. ಬದುವಿನ ಮೇಲೆ ನಿಂತು ತುಂಬ ಹೊತ್ತು ನೋಡಿದ. ಹೊಲದುದ್ದಕ್ಕೂ ಕಡ್ಡಿಗಳೆಲ್ಲ ಪೂರ್ವಕ್ಕೆ, ಒಂದೇ ಓರೆಯಲ್ಲಿ, ನಮಸ್ಕಾರ ಮಾಡುವ ಭಕ್ತರ ಹಾಗೆ ಬಾಗಿದ್ದವು. ಪ್ರತಿ ಕಡ್ಡಿಯ ಬುಡದಲ್ಲೂ ಒಂದೊಂದು ಒಣಗಿದ ಗಿಡ.

"ಅಮ್ಮ," ಎಂದ ಮೆಲ್ಲಗೆ. "ಆಲಿಕಲ್ಲು ಸಾಲು ಹಿಡಿದು ಬಿದ್ದಿತ್ತಾ?"

ಅವಳು ತಲೆ ತಗ್ಗಿಸಿದಳು. ಅವನಿಗೆ ಕನಿಕರವಾಯಿತು. ಫೋಟೋ ತೆಗೆದು ಕಳಿಸಿಯೇ ಕಳಿಸಿದ. ಮೇಲೆ ಕೂತವರು ಅದನ್ನು ದೊಡ್ಡದು ಮಾಡಿ ನೋಡಿದರು. ಒಂದು ವಾರದಲ್ಲಿ ಉತ್ತರ ಬಂತು: ಹಾನಿ ಕೃತಕವಾಗಿದೆ, ಅರ್ಜಿ ತಿರಸ್ಕರಿಸಲಾಗಿದೆ. ವೆಂಕಟೇಶಪ್ಪನ ಖಾತೆಗೆ ಅದೇ ವಾರ ಪರಿಹಾರ ಬಿತ್ತು. ಸೋಮಾರಿತನ ಸಹಜವಾದದ್ದು ಎಂದು ಸರ್ಕಾರ ಗುರುತಿಸಿತ್ತು.

ಮುನಿರಾಜ್ ಹೆಂಡತಿಯನ್ನು ಹಂಗಿಸಲಿಲ್ಲ. ಊಟ ಮಾಡಿ ಕೈ ತೊಳೆಯುತ್ತ, "ನಾಳೆ ಜೇಸಿಬಿ ಬತ್ತದೆ," ಎಂದನಷ್ಟೇ. ಆದಿಲಕ್ಷ್ಮಮ್ಮ ಮುಖ ಊದಿಸಿಕೊಳ್ಳಲಿಲ್ಲ. ಮಾತು ಅಂದರೆ ಮಾತು.

ಬೆಳಿಗ್ಗೆ ಅವಳು ಜೇಸಿಬಿಗಿಂತ ಮೊದಲೇ ಹೋಗಿ ಕಡ್ಡಿಗಳನ್ನೆಲ್ಲ ಕಿತ್ತು, ಕಟ್ಟಿ, ಬದುವಿನ ಮೇಲೆ ಇಟ್ಟಳು. ಆಮೇಲೆ ಅದರ ಪಕ್ಕದಲ್ಲಿ ತಾನೂ ಕೂತಳು. ಅಂಬರೀಶ ಬಿಳಿ ಷರ್ಟು ಹಾಕಿಕೊಂಡು ಬಂದಿದ್ದ. ಒಂದು ಹಿಡಿ ಮಣ್ಣೆತ್ತಿ ಅಂಗೈಯಲ್ಲಿ ಉಜ್ಜಿ ನೋಡಿದ.

"ಅಕ್ಕ, ಎಂಥಾ ಮಣ್ಣು ಸಾಕಿದ್ದೀಯ! ಒಂದು ಕಲ್ಲಿಲ್ಲ, ಒಂದು ಬೇರಿಲ್ಲ. ನಮ್ಮ ಇಟ್ಟಿಗೆ ಈ ಸಲ ಗಾಜಿನಂಗೆ ಬತ್ತದೆ ನೋಡು."

ಅವಳ ಬೇಸಾಯವನ್ನು ಬಾಯಿ ತುಂಬ ಹೊಗಳಿದವನು ಅವನೊಬ್ಬನೇ. ಜೇಸಿಬಿಯ ಹಲ್ಲು ನೆಲಕ್ಕಿಳಿದಾಗ ಮೊದಲು ಎದ್ದದ್ದು ಅವಳು ಗೊಬ್ಬರ ಹಾಕಿ ಹಾಕಿ ಕಪ್ಪಾಗಿಸಿದ್ದ ಪದರ. ಅದು ಟ್ರಾಕ್ಟರಿಗೆ ಬಿದ್ದ ಸದ್ದು ತೀರಾ ಮೆತ್ತಗಿತ್ತು, ಮೂಟೆ ರಾಗಿ ಸುರಿದ ಹಾಗೆ. ಸಂಜೆಯ ಹೊತ್ತಿಗೆ ಸೊಂಟದುದ್ದದ ಹಳ್ಳ. ಮುನಿರಾಜ್ ಬಂದು ಇಣುಕಿ ನೋಡಿದ. "ನೋಡು, ಕೆಳಗಡೆ ಮಣ್ಣು ಅದೆ," ಎಂದ. ಅದು ಸುಣ್ಣದ ಉಂಡೆಗಳು ಬೆರೆತ, ಉಳಿ ತಾಗಿಸಿದರೂ ಒಳಗೆ ಬಿಟ್ಟುಕೊಳ್ಳದ ಬಿಳಿ ಮಣ್ಣು. ಹುಲ್ಲಿಗೂ ಬೇಡವಾದದ್ದು.

ಆಮೇಲೆ ನಾಲ್ಕು ದಿನ ಮಳೆ ಹಿಡಿಯಿತು. ಹಳ್ಳಕ್ಕೆ ನೀರು ನಿಂತು, ಅಂಚುಗಳು ಕುಸಿದು, ಹೊಲ ನೋಡಲು ಭಯವಾಗುವ ಹಾಗಾಯಿತು. ಆದಿಲಕ್ಷ್ಮಮ್ಮ ಆ ಕಡೆ ಹೋಗುವುದನ್ನೇ ಬಿಟ್ಟಳು. ಮನೆಯಲ್ಲಿ ಪಾತ್ರೆಗಳನ್ನು ಎತ್ತರಕ್ಕೆ ತಕ್ಕಂತೆ ಜೋಡಿಸುವುದು, ಮತ್ತೆ ಇಳಿಸುವುದು, ಮತ್ತೆ ಜೋಡಿಸುವುದು. ಮುನಿರಾಜ್ ನೋಡಿಯೂ ನೋಡದವನಂತೆ ಬಣ್ಣದ ಬ್ರಷ್ಷು ತೊಳೆಯುತ್ತಿದ್ದ.

ಅಂಥ ಒಂದು ಮಧ್ಯಾಹ್ನ ಶ್ರೀಧರ್ ಮೋಟರ್ ಬೈಕಿನಲ್ಲಿ ಬಂದು ಮನೆಯ ಮುಂದೆ ನಿಂತ. ಮುಖದಲ್ಲಿ ಕಳವಳ. ಮೇಲಿನಿಂದ ಹೊಸ ಆದೇಶ ಬಂದಿತ್ತು. ಮಳೆಗೆ ಮಣ್ಣು ಕೊಚ್ಚಿಹೋದ ಜಮೀನುಗಳಿಗೆಂದು ಬೇರೆ ಪರಿಹಾರವಿದೆ. ತಾಲ್ಲೂಕಿನಲ್ಲಿ ಅಂಥ ಜಮೀನು ಒಂದೂ ಸಿಕ್ಕಿಲ್ಲ. ಸಿಗದಿದ್ದರೆ ಸರಿಯಾಗಿ ಹುಡುಕಿಲ್ಲವೆಂದು ಅವನಿಗೇ ನೋಟಿಸು. ಹುಡುಕುತ್ತ ಬೈರಗುಟ್ಟದ ಬದುವಿನ ಮೇಲೆ ಬಂದಾಗ ಅವನಿಗೆ ಹಳ್ಳ ಕಂಡಿತ್ತು.

"ಅಮ್ಮ, ಆ ಹಳ್ಳಾನ ಮೊದಲೇ ಯಾಕೆ ತೋರಿಸಲಿಲ್ಲ ನೀವು?"

ಎಲ್ಲರೂ ಹೊಲಕ್ಕೆ ಹೋದರು. ಶ್ರೀಧರ್‌ನ ಕಣ್ಣಲ್ಲಿ ವೆಂಕಟೇಶಪ್ಪನ ಹೊಲ ನೋಡಿದ ದಿನದ ಬೆಳಕಿಗಿಂತ ದೊಡ್ಡ ಬೆಳಕಿತ್ತು.

"ಇದು ಕೊಚ್ಚಿ ಓದದ್ದಲ್ಲ ಸಾರ್," ಎಂದಳು ಆದಿಲಕ್ಷ್ಮಮ್ಮ. "ಮಾರಿದ್ದು. ಅಂಬರೀಶ ತಗಂಡೋದ."

ಮುನಿರಾಜ್ ಕೆಮ್ಮಿದ. ಬದುವಿನಾಚೆ ನಿಂತಿದ್ದ ವೆಂಕಟೇಶಪ್ಪನೂ ಕೆಮ್ಮಿದ. ಶ್ರೀಧರ್ ಮೊಬೈಲು ನೋಡಿದ. ಆ್ಯಪು ‘ಮಣ್ಣು ಇಲ್ಲವಾಗಲು ಕಾರಣ’ ಎಂದು ಕೇಳಿ, ಕೆಳಗೆ ಉತ್ತರಗಳನ್ನೂ ತಾನೇ ಕೊಟ್ಟಿತ್ತು. ಮಳೆ, ಪ್ರವಾಹ, ಕೆರೆ ಕೋಡಿ. ಅಂಬರೀಶ ಅದರಲ್ಲಿ ಇರಲಿಲ್ಲ.

"ಮಳೆ ಬಂತಲ್ವಾ ಅಮ್ಮ?"

"ಬಂತು."

"ಅಷ್ಟು ಸಾಕು."

"ಸಾರ್, ನಾನ್ ಏಳ್ತಿರೋದು..."

"ಅಮ್ಮ, ಹೋದ ಸಲ ನೀವು ನಿಜ ಹೇಳಿದ್ರಿ, ನನಗೆ ಬರ್ಕೊಳ್ಳೋಕೆ ಆಗಲಿಲ್ಲ. ಈ ಸಲವೂ ಹಾಗೇ ಅಂದ್ಕೊಳ್ಳಿ." ಅವನು ಅವಳ ಕಣ್ಣು ತಪ್ಪಿಸಿ ಹಳ್ಳದ ಕಡೆ ಕೈ ತೋರಿಸಿದ. "ಸ್ವಲ್ಪ ಒಳಗೆ ಇಳೀರಿ. ಇನ್ನೂ ಸ್ವಲ್ಪ. ಹಿಂದೆ ದಿಬ್ಬ ಬರಲಿ. ಹಾಂ, ಚೆನ್ನಾಗಿ ಬಂತು."

ಮುಖ ಸ್ವಲ್ಪ ಬೇಜಾರಿನಲ್ಲಿರಲಿ ಎಂದು ಅವನು ಹೇಳಬೇಕೆಂದಿದ್ದ. ಹೇಳುವ ಅಗತ್ಯ ಬೀಳಲಿಲ್ಲ.

ಪರಿಹಾರ ಬಂತು. ಟೊಮೆಟೊಗೆ ಸಿಗಬೇಕಾಗಿದ್ದಕ್ಕಿಂತ ಹೆಚ್ಚೇ ಬಂತು. ಮುನಿರಾಜ್ ಮಾತಿಗೆ ತಪ್ಪುವವನಲ್ಲ. ಬ್ಯಾಂಕಿನಿಂದ ಬಂದವನೇ ಅಷ್ಟನ್ನೂ ಅವಳ ಕೈಗಿಟ್ಟ.

"ಪರಿಹಾರ ಬಂದ್ರೆ ಬೆಳೆ ಅಂದಿದ್ನಲ್ಲ. ತಗಾ, ಇಡು ಬೆಳೆ."

ಅವಳು ದುಡ್ಡನ್ನು ನೋಡಿದಳು, ಅವನನ್ನು ನೋಡಿದಳು. "ಯಾವುದ್ರಾಗೆ?"

ಮುನಿರಾಜ್‌ಗೆ ಆ ಪ್ರಶ್ನೆ ಅಷ್ಟು ಹೊತ್ತಿನವರೆಗೆ ಹೊಳೆದಿರಲಿಲ್ಲ. ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಅವರ ಸಂಸಾರದಲ್ಲಿ ಹಿಂದೆಂದೂ ಇಲ್ಲದಂಥ ಮೌನ ಅವತ್ತು ಬಿತ್ತು. ಅದರಲ್ಲಿ ಒಪ್ಪಿದ್ದೂ ಇರಲಿಲ್ಲ, ಒಪ್ಪದ್ದೂ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಅವನೇ, "ಕೆರೆ ಗೋಡು ಒಡೆಸಿದ್ರೆ ಆಗಲ್ವಾ?" ಎಂದ, ನೆಲ ನೋಡಿಕೊಂಡು.

ಕೆರೆಯ ಹೂಳು ತುಂಬಿ ತರಲು ಸುತ್ತ ಇದ್ದದ್ದು ಅಂಬರೀಶನ ಟ್ರಾಕ್ಟರೊಂದೇ. ಒಯ್ಯುವಾಗ ಮಣ್ಣಿಗೆ ಅವನು ಕೊಟ್ಟ ಬೆಲೆಗಿಂತ ತರುವಾಗ ಹೂಳಿಗೆ ಕೇಳಿದ ಬೆಲೆ ಜಾಸ್ತಿ. "ನಿಂಗೆ ಅಂತ ಕಮ್ಮಿ ಮಾಡಿದೀನಿ ಅಕ್ಕ," ಎಂದ. ಹೀಗೆ ಸರ್ಕಾರದ ದುಡ್ಡು ಆದಿಲಕ್ಷ್ಮಮ್ಮನ ಕೈ ಮೇಲೆ ಹಾದು, ಸೇರಬೇಕಾದವರನ್ನು ಸೇರಿತು. ಹೂಳು ಮಾತ್ರ ಹೊಲಕ್ಕೆ ಬಂತು. ಹಸಿ, ಕಪ್ಪು, ಶಂಖದಹುಳುವಿನ ಚಿಪ್ಪು ಬೆರೆತ ಹೂಳು. ಪೂರ್ತಿ ತುಂಬುವಷ್ಟಲ್ಲ, ಸುರಿದ ಮೇಲೂ ಹೊಲ ಮೊಣಕಾಲುದ್ದ ತಗ್ಗಿನಲ್ಲೇ ಉಳಿಯಿತು. ಅವಳಿಗೆ ಅಷ್ಟು ಸಾಕಿತ್ತು. ಗುದ್ದಲಿ ಹಿಡಿದು ಇಳಿದಳು. ವಾರದೊಳಗೆ ಸಾಲು ಎದ್ದವು, ನೂಲು ಹಿಡಿದ ಹಾಗೆ.

ಆದರೆ ದಿಬ್ಬದ ಕಡೆಯ ಒಂದು ಮೂಲೆಗೆ ಅವಳು ಒಂದು ಬುಟ್ಟಿ ಹೂಳನ್ನೂ ಹಾಕಿಸಲಿಲ್ಲ. ಅಲ್ಲಿ ಹಳ್ಳ ಹಾಗೇ ಇತ್ತು. ಕುಸಿದ ಅಂಚು, ನಿಂತ ನೀರು, ಅಡ್ಡಾದಿಡ್ಡಿ ಬಿದ್ದ ಒಂದಷ್ಟು ಮುರಿದ ಕಡ್ಡಿ. ಸುತ್ತ ಮಾತ್ರ ನಾಲ್ಕೂ ಕಡೆ ಒಂದು ಪುಟ್ಟ ಬದು ಹಾಕಿದ್ದಳು.

ವೆಂಕಟೇಶಪ್ಪ ಬೀಡಿ ಹಚ್ಚಿ ಬದುವಿನ ಮೇಲೆ ಕೂತ. "ಅದೊಂದ್ ಮೂಲೆ ಯಾಕ್ ಬಿಟ್ಟೆ ಆದಮ್ಮ? ನಿನ್ ಕೈಯಾಗೆ ಇಂಗೆ ಬಿಡೋಕಾಯ್ತಾ?"

"ಅದು ನಂದಲ್ಲ ಅಣ್ಣ, ಸರ್ಕಾರಕ್ಕೆ ಮುಡಿಪು. ಬರೋ ಸಲ ವಿಎ ಸಾರ್ ಬಂದ್ರೆ ತೋರಿಸ್ಬೇಕಲ್ಲ."

ವೆಂಕಟೇಶಪ್ಪ ಹೊಗೆ ಬಿಟ್ಟು, ಪಳಗಿದವನ ಕಣ್ಣಲ್ಲಿ ಆ ಮೂಲೆಯನ್ನು ಅಳೆದ. "ಬಾಗುಂದಿ," ಎಂದು ಮೆಚ್ಚಿದ. "ಕಲ್ತೆ ಬಿಡು."

ಅವನು ಎದ್ದು ಹೋದ ಮೇಲೆ ಅವಳು ಬಗ್ಗಿ, ಮಾತಾಡುವಾಗಲೇ ಕಣ್ಣಿಗೆ ಬಿದ್ದಿದ್ದ ಒಂದು ಕಳೆಯ ಗಿಡವನ್ನು ಆ ಮೂಲೆಯಿಂದ ಕಿತ್ತಳು. ಬೇರಿನ ಮಣ್ಣು ಕೊಡವಿದಳು. ಎಸೆಯಲು ಕೈ ಎತ್ತಿದವಳು ಹಾಗೇ ನಿಂತಳು. ಆಮೇಲೆ ಮಂಡಿಯೂರಿ, ಬೆರಳಿನಿಂದ ಕುಳಿ ತೋಡಿ, ಆ ಕಳೆಯನ್ನು ಇದ್ದ ಜಾಗದಲ್ಲೇ ಮತ್ತೆ ನೆಟ್ಟು, ಬುಡಕ್ಕೆ ಒಂದು ಬೊಗಸೆ ನೀರು ಹಾಕಿದಳು.